ಅಗ್ಗಕ್ಕಿಂತ ಪುಕ್ಕಟೆಯೇ ಮೇಲು

ಮಂಗಳೂರಿನ ಯಾವುದೇ ಫ್ಲೆಕ್ಸ್ ಅಂಗಡಿಗೆ ಹೋಗಿ ದರ ಕೇಳಿ. ಚದರ ಅಡಿಗೆ ಇಷ್ಟು, ಮರದ ಚೌಕಟ್ಟು ಹೊಡೆಸಿದರೆ ಇಷ್ಟು, ತಂದು ಕಟ್ಟಬೇಕಿದ್ದರೆ ಇಷ್ಟು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಡಿಸೈನಿಗೆ ಎಷ್ಟು ಎಂದು ಕೇಳಿದರೆ ಮಾತ್ರ ನಗುತ್ತಾರೆ. ‘ಅದಕ್ಕೆಂಥ ದುಡ್ಡು? ಅದು ನಾವೇ ಮಾಡಿ ಕೊಡುವುದು.’

ಹಾಗೆ ಮಾಡಿ ಕೊಡುವವರು ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾರೆ. ಅವರಿಗೆ ತಿಂಗಳ ಸಂಬಳವಿದೆ, ಆ ಸಂಬಳ ಚದರ ಅಡಿಯ ದರದೊಳಗೇ ಸೇರಿದೆ. ಗಿರಾಕಿಗೆ ಅದು ಕಾಣುವುದಿಲ್ಲ, ಅಷ್ಟೇ. ನಾನೂ ಕೆಲವು ವರ್ಷ ಅಂಥದೇ ಕೋಣೆಯಲ್ಲಿ, ಒಂದು ಮುದ್ರಣಾಲಯದ ಡಿಟಿಪಿ ಮೇಜಿನಲ್ಲಿ ಕುಳಿತವಳು. ಮದುವೆ ಕಾಗದ ಮಾಡಿಸಲು ಬಂದವರು ಐನೂರು ಪ್ರತಿಗೆ ಎಷ್ಟು, ಸಾವಿರಕ್ಕೆ ಎಷ್ಟು ಎಂದು ಚೌಕಾಸಿ ಮಾಡುತ್ತಿದ್ದರೇ ಹೊರತು, ಗಣಪತಿಯ ಚಿತ್ರವನ್ನು ಬಲಕ್ಕೆ ಸರಿಸಿ, ಎಡಕ್ಕೆ ಸರಿಸಿ, ಕೊನೆಗೆ ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿದ ಮಧ್ಯಾಹ್ನಕ್ಕೆ ಎಷ್ಟು ಎಂದು ಯಾರೂ ಕೇಳಿದವರಲ್ಲ.

ಅಚ್ಚಿನ ವ್ಯಾಪಾರ ಈ ಊರಿಗೆ ಹಳೆಯದು. ಬಾಸೆಲ್ ಮಿಷನ್ ಇಲ್ಲಿ ಮುದ್ರಣಾಲಯ ತೆರೆದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈನಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಇಷ್ಟು ಹಳೆಯ ಮುದ್ರಣದ ಊರಿನಲ್ಲಿ ಜನರಿಗೆ ಕಾಗದದ ಲೆಕ್ಕ ಗೊತ್ತು, ಪ್ರತಿಯ ಲೆಕ್ಕ ಗೊತ್ತು. ಪುಟ ಕಟ್ಟುವವರ ಕೂಲಿ ಅದರೊಳಗೆ ಅಡಗಿಕೊಂಡೇ ಬಂದಿದೆ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ, ಕಾಗದ ಇರುವ ತನಕ.

ಆಮೇಲೆ ಮೊಬೈಲ್ ಬಂತು. ಸಾವಿರ ಆಮಂತ್ರಣ ಅಚ್ಚು ಹಾಕಿಸುತ್ತಿದ್ದವರು ಖುದ್ದಾಗಿ ಹೋಗಿ ಕೊಡಲೇಬೇಕಾದ ಹಿರಿಯರ ಮನೆಗಳಿಗೆಂದು ನೂರು ಹಾಕಿಸಿ, ಉಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನೋ ವಿಡಿಯೊವನ್ನೋ ಕಳುಹಿಸತೊಡಗಿದರು. ಕಾಗದ ಹೋಯಿತು, ಕಾಗದದ ಮೇಲಿನ ಲಾಭವೂ ಹೋಯಿತು. ಉಳಿದದ್ದು ವಿನ್ಯಾಸ ಮಾತ್ರ. ಅದಕ್ಕೆ ಜನರ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದ ಬೆಲೆ ಸೊನ್ನೆ. ‘ಜನರಿಗೆ ಕಲೆಯ ಬೆಲೆ ಗೊತ್ತಿಲ್ಲ’ ಎಂದು ನಮ್ಮ ಕಸುಬಿನವರು ಸಂಜೆ ಚಹಾ ಕುಡಿಯುತ್ತ ಹಲ್ಲು ಕಡಿಯುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರಿಗೆ ಆ ಬೆಲೆಯನ್ನು ಬಿಡಿಸಿ ಹೇಳಿದವರೇ ಇರಲಿಲ್ಲ.

ಹಾಗಾದರೆ ಸಂಬಳವಿಲ್ಲದೆ ಸ್ವಂತವಾಗಿ ದುಡಿಯುವ ವಿನ್ಯಾಸಕರು, ಛಾಯಾಗ್ರಾಹಕರು, ಚಿತ್ರ ಬರೆಯುವವರು, ವಿಡಿಯೊ ಸಂಕಲನ ಮಾಡುವವರು ಪುಕ್ಕಟೆ ಕೆಲಸ ಮಾಡಬೇಕೇ? ಕಡಿಮೆ ದರಕ್ಕಾದರೂ ಒಪ್ಪಬೇಕೇ? ಹೊಸಬರು ಇದನ್ನು ಕೇಳಿದಾಗ ನಾನು ಕೊಡುವ ಉತ್ತರ ಅವರಿಗೆ ತಲೆಕೆಳಗಾಗಿ ಕಾಣುತ್ತದೆ. ಪುಕ್ಕಟೆ ಮಾಡಿದರೆ ತಪ್ಪಿಲ್ಲ. ಅಗ್ಗಕ್ಕೆ ಮಾತ್ರ ಮಾಡಬೇಡಿ.

ಮೊದಲು ಪುಕ್ಕಟೆಯ ಮಾತು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಅದು ಹೆಚ್ಚಾಗಿ ಬರುವುದು ದೇವಸ್ಥಾನದ ದಾರಿಯಿಂದ. ದೇವಸ್ಥಾನದ ದೊಡ್ಡ ಉತ್ಸವವಾದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಕಟ್ಟಿದವರಿಗೆ ಅದರ ಭಾರ ಗೊತ್ತು. ಹೆಸರಿಗೆ ಪತ್ರಿಕೆ, ನಿಜಕ್ಕೂ ಅದು ಪುಸ್ತಕ. ಮುಖಪುಟದಲ್ಲಿ ದೇವರು, ಒಳಗೆ ತಂತ್ರಿಗಳ ಭಾವಚಿತ್ರ, ದಿನದಿನದ ವೈದಿಕ ಕಾರ್ಯಕ್ರಮ, ಸಭಾ ಕಾರ್ಯಕ್ರಮ, ಸಾಂಸ್ಕೃತಿಕ ಕಾರ್ಯಕ್ರಮ. ಇಷ್ಟೂ ಸಲೀಸು. ನಂತರ ಬರುತ್ತದೆ ಸಮಿತಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಕೋಶಾಧಿಕಾರಿ. ಅವರ ಬೆನ್ನಿಗೆ ಹಸಿರುವಾಣಿ ಹೊರೆಕಾಣಿಕೆ ಸಮಿತಿ, ಚಪ್ಪರ ಸಮಿತಿ, ಅನ್ನಸಂತರ್ಪಣೆ ಸಮಿತಿ, ವಾಹನ ನಿಲುಗಡೆ ಸಮಿತಿ, ಎಲ್ಲಕ್ಕೂ ಕಿರೀಟವಿಟ್ಟಂತೆ, ಮುಂಬೈಯಲ್ಲಿ ನೆಲೆಸಿದ ಊರಿನವರ ಮುಂಬೈ ಸಮಿತಿ. ಪ್ರತಿಯೊಂದಕ್ಕೂ ಸಂಚಾಲಕರು, ಸಹಸಂಚಾಲಕರು, ಸದಸ್ಯರು. ಹೆಸರಿನ ಹಿಂದೆ ಬೀಡು, ಗುತ್ತು, ಮನೆಯ ಹೆಸರು. ಯಾರ ಫೋಟೋ ಯಾರ ಪಕ್ಕದಲ್ಲಿ, ಯಾರದ್ದು ಒಂದು ಸಾಲು ಮೇಲೆ ಎಂಬುದು ವಿನ್ಯಾಸದ ಪ್ರಶ್ನೆಯಲ್ಲ, ಊರಿನ ನೆಮ್ಮದಿಯ ಪ್ರಶ್ನೆ. ಹೆಸರುಗಳು ಒಬ್ಬರಿಂದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಆಗಿ ಬರುತ್ತವೆ, ಇನ್ನೊಬ್ಬರಿಂದ ಕೈಬರಹದ ಫೋಟೋ ಆಗಿ, ಮತ್ತೊಬ್ಬರಿಂದ ಧ್ವನಿ ಸಂದೇಶವಾಗಿ. ಅಕ್ಷರ ಪರಿವರ್ತಿಸುವಾಗ ‘ಶೆಟ್ಟಿ’ಯ ಒತ್ತು ಒಂದು ಕಡೆ ಬಿದ್ದರೆ ‘ಆಚಾರ್ಯ’ರ ಅರ್ಕಾವತ್ತು ಇನ್ನೊಂದು ಕಡೆ ಬೀಳುತ್ತದೆ. ಕರಡು ಹೋಗುತ್ತದೆ, ತಿದ್ದುಪಡಿ ಬರುತ್ತದೆ, ತಿದ್ದಿದ್ದಕ್ಕೆ ಮತ್ತೆ ತಿದ್ದುಪಡಿ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಪ್ರಚಾರ ಸಮಿತಿಯವರ ಕರೆ: ‘ಅಕ್ಕಾ, ಸಣ್ಣದೊಂದು ಬದಲಾವಣೆ. ಹತ್ತು ನಿಮಿಷದ ಕೆಲಸ. ನೀವು ಮನೆಯಲ್ಲೇ ಇರುತ್ತೀರಲ್ಲ.’

ಮನೆಯಲ್ಲೇ ಇರುವುದು ಹೌದು. ಮನೆಯಲ್ಲೇ ಇರುವ ಹೆಂಗಸು ಮಾಡುವ ಕೆಲಸಕ್ಕೆ ಗಂಟೆಯ ಲೆಕ್ಕವಿಲ್ಲ ಎಂಬ ನಂಬಿಕೆ ವಿನ್ಯಾಸಕ್ಕಿಂತ ಬಹಳ ಹಳೆಯದು. ಅದರ ಬಗ್ಗೆ ಬರೆಯಲು ಹೊರಟರೆ ಈ ಬರಹ ಬೇರೆಲ್ಲೋ ಹೋಗುತ್ತದೆ.

ದುಡ್ಡಿನ ಮಾತು ಬಂದ ಕೂಡಲೇ ಕೇಳಿಬರುವುದು ‘ದೇವರ ಸೇವೆ ಅಲ್ಲವಾ’ ಎಂಬ ಪ್ರಶ್ನೆ. ದೇವರ ಸೇವೆಗೆ ನನ್ನ ತಕರಾರಿಲ್ಲ. ಆದರೆ ಸೇವೆಯ ಬಗ್ಗೆ ನಮ್ಮ ದೇವಸ್ಥಾನಗಳಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವವರು ಬೇರೆ ಯಾರಿದ್ದಾರೆ? ಕೌಂಟರಿನ ಪಕ್ಕದ ಸೇವಾ ದರಪಟ್ಟಿಯನ್ನು ಓದಿ ನೋಡಿ. ಕರ್ಪೂರಾರತಿಯಿಂದ ರಂಗಪೂಜೆಯ ತನಕ ಪ್ರತಿಯೊಂದು ಸೇವೆಯ ಎದುರಿಗೂ ರೂಪಾಯಿ ಇದೆ, ಕೊಟ್ಟ ಕೂಡಲೇ ರಶೀದಿ ಇದೆ, ಯಾವ ಸೇವೆಗೆ ಏನೇನು ಪ್ರಸಾದ ಎಂಬುದೂ ನಿಗದಿಯಾಗಿದೆ. ಕಟೀಲು, ಮಂದಾರ್ತಿ ಯಕ್ಷಗಾನ ಮೇಳಗಳ ಹರಕೆ ಆಟವನ್ನೇ ತೆಗೆದುಕೊಳ್ಳಿ. ಆಡಿಸುವ ಮನೆಯವರು ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ, ಮೇಳಕ್ಕೆ ವೀಳ್ಯ, ಅಂದರೆ ಆಟದ ಹಣ ಕೊಡುತ್ತಾರೆ. ಊರಿಗೆ ಊರೇ ಬಂದು ಟಿಕೆಟಿಲ್ಲದೆ ಆಟ ನೋಡುತ್ತದೆ. ಭಾಗವತರಿಗೆ, ಚೆಂಡೆ ಮದ್ದಳೆಯವರಿಗೆ, ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿಕೊಳ್ಳುವ ವೇಷಧಾರಿಗೆ ಸಂಬಳ ಸಲ್ಲುತ್ತದೆ. ಇಲ್ಲಿ ಸೇವೆ ಆಟ ಆಡಿಸಿದವರದ್ದು, ಕುಣಿದವರದ್ದು ದುಡಿಮೆ. ಇದರಲ್ಲಿ ಯಾರಿಗೂ ಭಕ್ತಿಗೆ ಕುಂದು ಬಂದಂತೆ ಕಂಡದ್ದಿಲ್ಲ. ಆಮಂತ್ರಣ ಪತ್ರಿಕೆಯ ವಿಷಯದಲ್ಲಿ ಮಾತ್ರ ಸೇವೆಯ ಪುಣ್ಯ ಸಮಿತಿಗೆ, ದುಡಿಮೆ ನನಗೆ, ಸಂಬಳ ಯಾರಿಗೂ ಇಲ್ಲ.

ಅದೇ ಉತ್ಸವದ ಶಾಮಿಯಾನದವರು, ಧ್ವನಿ ಬೆಳಕಿನವರು, ಅಡುಗೆ ಭಟ್ಟರು, ಕುರ್ಚಿ ಬಾಡಿಗೆಯವರು ಮುಂಗಡ ಹಣ ಪಡೆದೇ ಬರುತ್ತಾರೆ. ಅವರೂ ಭಕ್ತರೇ.

ಪುಕ್ಕಟೆ ದುಡಿದು ಅಮೋಘವಾದದ್ದನ್ನು ಬಿಟ್ಟುಹೋದವರು ಈ ಊರಿನಲ್ಲಿ ಇಲ್ಲವೆಂದಲ್ಲ. ಸಂತ ಅಲೋಶಿಯಸ್ ಚಾಪೆಲಿನ ಒಳಗೆ ಒಮ್ಮೆ ಕತ್ತೆತ್ತಿ ನೋಡಿ. ಆ ಗೋಡೆ ಮತ್ತು ಮಾಡನ್ನು ತುಂಬಿದ ಚಿತ್ರಗಳನ್ನು 19ನೇ ಶತಮಾನದ ಕೊನೆಯ ಹೊತ್ತಿಗೆ ಬರೆದವರು ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಸಹೋದರ ಅಂತೋನಿಯೊ ಮೊಸ್ಕೇನಿ. ಗೋಡೆಯ ಚಿತ್ರಗಳದ್ದು ಹಸಿ ಗಾರೆ ಒಣಗುವ ಮೊದಲೇ ಬಣ್ಣ ಕೂರಿಸಬೇಕಾದ ಕೆಲಸ. ನಮ್ಮ ಕರಾವಳಿಯ ಸೆಕೆಯಲ್ಲಿ, ಮಳೆಯಲ್ಲಿ ಅದನ್ನು ಹೇಗೆ ಸಾಧಿಸಿದರೋ ಎಂದು ಪ್ರತಿ ಸಲ ಬೆರಗಾಗುತ್ತೇನೆ. ಬಡತನದ ವ್ರತ ಹಿಡಿದ ಅವರು ಕೂಲಿ ಕೇಳುವ ಪ್ರಶ್ನೆಯೇ ಇರಲಿಲ್ಲ. ‘ನೋಡಿ, ದೊಡ್ಡ ಕಲಾವಿದರು ಹಣ ನೋಡುತ್ತಿರಲಿಲ್ಲ’ ಎಂದು ಉದಾಹರಣೆ ಕೊಡುವವರಿಗೆ ನಾನು ಹೇಳುವುದಿಷ್ಟೇ: ಅವರ ಊಟ, ವಸತಿ, ಮುಪ್ಪು, ಕಾಯಿಲೆ ಎಲ್ಲವನ್ನೂ ಅವರ ಸಂಘ ಹೊತ್ತುಕೊಂಡಿತ್ತು. ನನ್ನ ಮನೆ ಬಾಡಿಗೆಯನ್ನು ಪ್ರಚಾರ ಸಮಿತಿ ಹೊತ್ತುಕೊಳ್ಳುವುದಾದರೆ ನಾನೂ ವ್ರತ ಹಿಡಿಯಲು ಸಿದ್ಧ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಪುಕ್ಕಟೆ ಕೆಲಸವನ್ನು ಬಿಟ್ಟಿಲ್ಲ. ವರ್ಷಕ್ಕೆ ಒಂದೆರಡನ್ನು ನಾನೇ ಆರಿಸಿ ಮಾಡುತ್ತೇನೆ. ಸರ್ಕಾರಿ ಕನ್ನಡ ಶಾಲೆಯ ವಾರ್ಷಿಕೋತ್ಸವವೋ, ಅಕ್ಕಪಕ್ಕದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವ ಕರಪತ್ರವೋ ಇರಬಹುದು. ಆರಿಸುವುದು ನಾನು ಎಂಬುದೇ ಇಲ್ಲಿ ಮುಖ್ಯ. ಕೊಡುವವಳು ನಾನಾದ್ದರಿಂದ ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಯಾವ ದಿನದೊಳಗೆ ಎಂಬುದನ್ನು ಹೇಳುವವಳೂ ನಾನೇ. ಕೊನೆಯಲ್ಲಿ ಬಿಲ್ ಬರೆಯುತ್ತೇನೆ: ಕೆಲಸದ ಪೂರ್ತಿ ದರ, ಅದರ ಕೆಳಗೆ ‘ದೇಣಿಗೆಯಾಗಿ ಕಡಿತ’, ಅದರ ಕೆಳಗೆ ಕೊಡಬೇಕಾದ ಮೊತ್ತ ಸೊನ್ನೆ. ಬಿಲ್ ಇಲ್ಲದೆ ಕೈಬಿಟ್ಟ ಕೆಲಸ ಮುಂದಿನ ವರ್ಷಕ್ಕೆ ‘ಕಳೆದ ಬಾರಿ ಮಾಡಿ ಕೊಟ್ಟಿದ್ದಿರಲ್ಲ’ ಆಗುತ್ತದೆ. ಬಿಲ್ ಇದ್ದರೆ ‘ಕಳೆದ ಬಾರಿ ಇಷ್ಟು ಸಾವಿರ ಬಿಟ್ಟು ಕೊಟ್ಟಿದ್ದಿರಿ’ ಆಗುತ್ತದೆ.

ಅಗ್ಗದ ಕೆಲಸದಲ್ಲಿ ಈ ಯಾವ ಅನುಕೂಲವೂ ಇಲ್ಲ. ಐನೂರು ರೂಪಾಯಿ ಕೊಟ್ಟವನು ಗಿರಾಕಿ, ಐನೂರಕ್ಕೆ ತಕ್ಕಷ್ಟು ಕೆಲಸ ತೆಗೆದುಕೊಂಡು ಎದ್ದು ಹೋಗುವುದಿಲ್ಲ. ಹಣ ಕೊಟ್ಟಾಗಿದೆ ಎಂಬ ಧೈರ್ಯ ಅವನಿಗೆ, ಹಣ ತೆಗೆದುಕೊಂಡಾಗಿದೆ ಎಂಬ ಮುಜುಗರ ನಮಗೆ. ತಿದ್ದುಪಡಿಗೆ ಕೊನೆಯೇ ಇರುವುದಿಲ್ಲ. ಒಳ್ಳೆಯ ದರ ಕೊಡುವವರು ಹೆಚ್ಚಾಗಿ ಕೆಲಸ ಮುಗಿಸಿಕೊಂಡು ತಮ್ಮ ಪಾಡಿಗೆ ತಾವು ಹೋಗುತ್ತಾರೆ, ಅವರಿಗೆ ಮಾಡಲು ಬೇರೆ ಕೆಲಸವಿರುತ್ತದೆ. ಇನ್ನು ದರ ಎಂಬುದಕ್ಕೆ ಕಾಲಿದೆ. ‘ಅವರು ನಮಗೆ ಪುಕ್ಕಟೆ ಮಾಡಿ ಕೊಟ್ಟರು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರೆ, ಕೇಳಿದವರು ಅದನ್ನು ನಂಟಿನ ವಿಷಯವೆಂದು ತಿಳಿದು ಸುಮ್ಮನಾಗುತ್ತಾರೆ. ‘ಅವರು ಎಂಟುನೂರಕ್ಕೆ ಲೋಗೋ ಮಾಡಿ ಕೊಡುತ್ತಾರೆ’ ಎಂದು ಹೇಳಿದರೆ ಅದು ಸುರತ್ಕಲ್ಲಿನಿಂದ ಹೊರಟು ಸಂಜೆಯೊಳಗೆ ಕುಂದಾಪುರ ಮುಟ್ಟುತ್ತದೆ. ಅಲ್ಲಿಂದ ನಿಮ್ಮ ಬೆಲೆ ಎಂಟುನೂರು.

ಛಾಯಾಗ್ರಾಹಕರಿಗೆ ಇದರಲ್ಲಿ ಇನ್ನೊಂದು ಏಟಿದೆ, ಅದು ಬಹಳ ಮಂದಿಗೆ ಗೊತ್ತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯನ್ನು ರಚಿಸಿದವರೇ ಅದರ ಮೊದಲ ಹಕ್ಕುದಾರರು. ಆದರೆ ಅಲ್ಲೇ ಕೆಲವು ವಿನಾಯಿತಿಗಳಿವೆ. ಫೋಟೋ, ವರ್ಣಚಿತ್ರ, ಭಾವಚಿತ್ರ ಮುಂತಾದವನ್ನು ಇನ್ನೊಬ್ಬರು ಹೇಳಿದ್ದಕ್ಕೆ, ಪ್ರತಿಫಲ ಪಡೆದು ಮಾಡಿಕೊಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕು ಮಾಡಿಸಿದವರದ್ದಾಗುತ್ತದೆ. ಪ್ರತಿಫಲ ಐನೂರೋ ಐವತ್ತು ಸಾವಿರವೋ ಎಂದು ಕಾಯ್ದೆ ನೋಡುವುದಿಲ್ಲ. ಮಲ್ಪೆಯ ಒಂದು ಹೋಟೆಲಿಗೆ ಹೋಗಿ ಅಂಜಲ್ ಮೀನಿನ ಫ್ರೈಯ ಫೋಟೋಗಳನ್ನು ಜುಜುಬಿ ಹಣಕ್ಕೆ ತೆಗೆದುಕೊಟ್ಟ ಹುಡುಗ, ಅದೇ ಫೋಟೋ ನಾಳೆ ಬೆಂಗಳೂರಿನ ಶಾಖೆಯ ಗೋಡೆಯಲ್ಲಿ ಆಳೆತ್ತರಕ್ಕೆ ನಿಂತರೂ ತುಟಿ ಬಿಚ್ಚುವಂತಿಲ್ಲ. ಏನೂ ಪಡೆಯದೆ, ಯಾವ ಪ್ರತಿಫಲವೂ ಇಲ್ಲದೆ ತೆಗೆದಿದ್ದರೆ ಹಕ್ಕು ಅವನಲ್ಲೇ ಉಳಿಯುತ್ತಿತ್ತು. ಪುಕ್ಕಟೆಗಿಂತ ಅಗ್ಗ ನಷ್ಟದ ವ್ಯಾಪಾರ ಎಂಬುದಕ್ಕೆ ಕಾನೂನೇ ಸಾಕ್ಷಿ. ಎರಡು ಸಾಲಿನ ಒಪ್ಪಂದ ಬರೆದುಕೊಂಡರೆ ಈ ತೊಂದರೆಯೇ ಇಲ್ಲ, ಬರೆಯುವವರು ಮಾತ್ರ ಕಡಿಮೆ. ಹಾಗೆಯೇ, ಹಕ್ಕನ್ನು ವರ್ಗಾಯಿಸುವಾಗ ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಅವಧಿಗೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಇದು 19ನೇ ಸೆಕ್ಷನ್.

ಸರಿಯಾದ ದರ ಎಷ್ಟು ಎಂಬುದಕ್ಕೆ ಬೆಂಗಳೂರಿನವರ ಪಟ್ಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮದು ಋತುಮಾನದ ದುಡಿಮೆ. ತುಳುವರ ಬೇಸ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿನಲ್ಲಿ ಪತ್ತನಾಜೆಯ ದಿನ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಚೌತಿ, ಅಷ್ಟಮಿ, ನವರಾತ್ರಿಗೆ ಸ್ವಲ್ಪ ಉಸಿರು ಬಂದು, ದೀಪಾವಳಿ ಕಳೆದ ಮೇಲೆಯೇ ಮತ್ತೆ ಕೈತುಂಬ ಕೆಲಸ. ಯಕ್ಷಗಾನದವರ ತಿರುಗಾಟದ ಹಾಗೆ ನಮ್ಮದೂ ಅರ್ಧ ವರ್ಷದ ಸಂಪಾದನೆ. ಒಬ್ಬರಿಗೆ ಬಾಡಿಗೆ, ಊಟ, ಸಾಫ್ಟ್‌ವೇರ್ ಚಂದಾ, ಇಂಟರ್ನೆಟ್, ಮಳೆಗಾಲದ ಇನ್ವರ್ಟರ್, ಸ್ವಲ್ಪ ಉಳಿತಾಯ ಎಲ್ಲ ಸೇರಿ ತಿಂಗಳಿಗೆ 40,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 4,80,000. ಗಿರಾಕಿಯನ್ನು ಹುಡುಕುವುದು, ಮಾತಾಡುವುದು, ಹಣಕ್ಕಾಗಿ ಅಲೆಯುವುದು ಇವನ್ನೆಲ್ಲ ಕಳೆದು ವರ್ಷದಲ್ಲಿ 120 ದಿನಗಳಿಗೆ ಮಾತ್ರ ಹಣ ಬರುತ್ತದೆ ಎಂದಾದರೆ ದಿನಕ್ಕೆ 4,000 ರೂಪಾಯಿ. ನಾಲ್ಕು ದಿನ ಹಿಡಿಯುವ ಲೋಗೋ 16,000ಕ್ಕಿಂತ ಕಡಿಮೆಗೆ ಮಾಡಿದರೆ ಆಟಿಯ ಅಕ್ಕಿಯನ್ನು ಗಿರಾಕಿಗೆ ಕೊಟ್ಟಂತೆ. ಇದು ದುರಾಸೆಯ ಲೆಕ್ಕವಲ್ಲ. ಚದರ ಅಡಿಗೆ ಇಷ್ಟು ಎನ್ನುವ ಫ್ಲೆಕ್ಸಿನವರದ್ದೂ ಇದೇ ಲೆಕ್ಕ.

‘ಹೊಸಬರಿಗೆ ಹೆಸರಾಗಲು ಪುಕ್ಕಟೆ ಮಾಡಲೇಬೇಕಲ್ಲ’ ಎನ್ನುವ ವಾದ ಪೂರ್ತಿ ಸುಳ್ಳಲ್ಲ. ತೋರಿಸಲು ಏನೂ ಇಲ್ಲದವರಿಗೆ ಕೆಲಸ ಕೊಡುವವರು ಯಾರು? ಆದರೆ ತೋರಿಸಲು ಬೇಕಾದ್ದನ್ನು ಇನ್ನೊಬ್ಬರ ಅಂಗಡಿಗೇ ಮಾಡಬೇಕೆಂದಿಲ್ಲ. ಮಣಿಪಾಲದಲ್ಲಿ ಓದು ಮುಗಿಸಿದ ಒಬ್ಬಳು ಹುಡುಗಿ ತನ್ನ ಊರಿನ ಸರ್ವಿಸ್ ಬಸ್ಸುಗಳ ಮಾರ್ಗಗಳಿಗೆ ತಾನಾಗಿಯೇ ಒಂದು ನಕ್ಷೆ ಬರೆದಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ತಿದ್ದುಪಡಿ ಕಳುಹಿಸಲಿಲ್ಲ. ನಿಲ್ದಾಣಗಳ ಹೆಸರನ್ನು ಕಂಡಕ್ಟರ್ ಕೂಗುವ ಕ್ರಮದಲ್ಲೇ ಜೋಡಿಸಿದ್ದಳು. ಅದನ್ನು ನೋಡಿದ ಮೇಲೆ ಅವಳಿಗೆ ಏನು ಬರುತ್ತದೆ ಎಂದು ನಾನು ಬೇರೆ ಕೇಳಬೇಕಾಗಲಿಲ್ಲ. ಎಂಟು ಪುಕ್ಕಟೆ ಲೋಗೋಗಳಿಂದ ಅಷ್ಟು ತಿಳಿಯುತ್ತಿರಲಿಲ್ಲ. ಲೋಗೋ ಹಾಳಾದರೆ ಗಿರಾಕಿಯನ್ನು ದೂರಬಹುದು, ನಕ್ಷೆಯಲ್ಲಿ ಆ ಸೌಲಭ್ಯವಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಮಂಗಳೂರಿನ ಕದ್ರಿಯಲ್ಲಿ ಅಪ್ಪನ ಮನೆ ಇರುವವರು ಎರಡು ವರ್ಷ ಹೆಸರಿಗಾಗಿ ದುಡಿಯಬಲ್ಲರು. ಬೆಳ್ತಂಗಡಿಯ ಒಳಗಿನ ಹಳ್ಳಿಯಿಂದ ಬಂದು ಪಿಜಿಗೆ ಬಾಡಿಗೆ ಕಟ್ಟುವವಳು ಎರಡು ತಿಂಗಳೂ ದುಡಿಯಲಾರಳು. ಪುಕ್ಕಟೆ ಕೆಲಸ ಪ್ರವೇಶ ಶುಲ್ಕವಾದಲ್ಲಿ ಒಳಗೆ ಬರುವವರು ಪ್ರತಿಭೆ ಇದ್ದವರಲ್ಲ, ಶುಲ್ಕ ಕಟ್ಟಬಲ್ಲವರು. ‘ಮೊದಲು ಸ್ಯಾಂಪಲ್ ಮಾಡಿ ಕಳುಹಿಸಿ, ಇಷ್ಟವಾದರೆ ಹಣ’ ಎನ್ನುವ ಸಂಸ್ಥೆಗಳು ನಾಲ್ಕಾರು ಜನರಿಂದ ಸ್ಯಾಂಪಲ್ ತರಿಸಿಕೊಂಡು, ಎಲ್ಲವನ್ನೂ ಕಲಸಿ ತಮ್ಮವರಿಂದಲೇ ಒಂದನ್ನು ಮಾಡಿಸಿಕೊಳ್ಳುವುದನ್ನು ನೋಡಿದ್ದೇನೆ. ಅದಕ್ಕೆ ಸ್ಪರ್ಧೆ ಎಂದು ಹೆಸರು.

‘ನಾವೆಲ್ಲ ಸೇರಿ ಇಷ್ಟಕ್ಕಿಂತ ಕಡಿಮೆಗೆ ಮಾಡುವುದಿಲ್ಲ ಎಂದು ನಿರ್ಧರಿಸೋಣ’ ಎನ್ನುವವರಿಗೆ 2002ರ ಸ್ಪರ್ಧಾ ಕಾಯ್ದೆ ಅಡ್ಡ ಬರುತ್ತದೆ. ಪೈಪೋಟಿಯಲ್ಲಿರುವವರು ಸೇರಿ ಬೆಲೆ ಕಟ್ಟುವುದನ್ನು ಅದು ಒಪ್ಪುವುದಿಲ್ಲ. ಹಣ ಬಾಕಿ ಇಟ್ಟವರ ವಿಷಯದಲ್ಲಿ ಕಾನೂನು ನಮ್ಮ ಕಡೆಗಿದೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಉದ್ದಿಮೆದಾರರಿಗೆ 2006ರ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಶುಲ್ಕವಿಲ್ಲ. ಊರಿನ ಸಮಿತಿಯ ಮೇಲೆ ದೂರು ಕೊಟ್ಟು ಅದೇ ಊರಿನ ಜಾತ್ರೆಗೆ ಹೋಗುವ ಧೈರ್ಯ ಇದ್ದವರು ಬಳಸಬಹುದು. ನಾನು ಅರ್ಧ ಹಣ ಮುಂಗಡ ಕೇಳುತ್ತೇನೆ, ಅದು ಸುಲಭ.

ಸಾಹಿತ್ಯದವರ ವಿಷಯದಲ್ಲಿ ಮಾತ್ರ ನನ್ನ ಕಟ್ಟುನಿಟ್ಟು ಸಡಿಲವಾಗುತ್ತದೆ. ಸ್ಮರಣ ಸಂಚಿಕೆಗೆ ಬರೆದವರಿಗೆ ಗೌರವ ಪ್ರತಿ, ಕವಿಗೋಷ್ಠಿಯಲ್ಲಿ ಓದಿದವರಿಗೆ ಶಾಲು, ಹಾರ, ಸ್ಮರಣಿಕೆ, ಹಣ್ಣಿನ ಬುಟ್ಟಿ. ಶಾಲಿನ ಅಂಗಡಿಯವರಿಗೆ ಹಣ ಸಿಕ್ಕಿದೆ, ಹಣ್ಣಿನವರಿಗೆ ಸಿಕ್ಕಿದೆ, ಕವಿ ಬಸ್ಸಿನ ಟಿಕೆಟನ್ನು ತಾನೇ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಅಂಥವರು ತಮ್ಮ ಕೈಯಿಂದಲೇ ಅಚ್ಚು ಹಾಕಿಸುವ ಮೊದಲ ಸಂಕಲನಕ್ಕೆ ಮುಖಪುಟ ಕೇಳಿದಾಗ ದರ ಹೇಳಲು ನಾಲಿಗೆ ಹೊರಳುವುದಿಲ್ಲ. ಮಾಡಿ ಕೊಡುತ್ತೇನೆ, ಸೊನ್ನೆಯ ಬಿಲ್ ಕೊಡುತ್ತೇನೆ, ಒಂದು ಪ್ರತಿ ಕೇಳಿ ಪಡೆಯುತ್ತೇನೆ. ಕೆಲವರು ಬಿಲ್ಲನ್ನು ನೋಡಿ ಬೇಸರ ಮಾಡಿಕೊಳ್ಳುತ್ತಾರೆ. ಇರಲಿ.

ಬೇಸರ ಮಾಡಿಕೊಳ್ಳದವರೂ ಇದ್ದಾರೆ. ಒಂದು ಸಣ್ಣ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಪತ್ರಿಕೆ ಮಾಡಿ ಕೊಟ್ಟು ಅಂಥ ಬಿಲ್ ಕಳುಹಿಸಿದಾಗ ಅಲ್ಲಿನ ಕೋಶಾಧಿಕಾರಿಗಳು ಕರೆ ಮಾಡಿದರು. ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕ ಬಲ್ಲವರು. ‘ಅಕ್ಕಾ, ಇದನ್ನು ಯಾವ ತಲೆಬರಹದ ಅಡಿಯಲ್ಲಿ ಬರೆಯುವುದು?’ ವಸ್ತುರೂಪದ ದೇಣಿಗೆ ಎಂದು ಹಾಕಿ ಎಂದೆ. ಬಾಳೆಗೊನೆ, ತೆಂಗಿನಕಾಯಿ, ಅಕ್ಕಿ ಮುಡಿಗಳ ಜೊತೆಯಲ್ಲಿ ನನ್ನ ಹೆಸರೂ ಅದರ ಮುಂದೆ ರೂಪಾಯಿಯೂ ಲೆಕ್ಕಪತ್ರದಲ್ಲಿ ಅಚ್ಚಾಯಿತು. ಆ ಲೆಕ್ಕಪತ್ರ ಪಕ್ಕದ ಊರಿನವರ ಕೈಗೆ ಸಿಕ್ಕಿರಬೇಕು. ಅವರು ತಮ್ಮ ಬ್ರಹ್ಮಕಲಶೋತ್ಸವಕ್ಕೆ ಕರೆ ಮಾಡಿದಾಗ ‘ಎಷ್ಟಾಗುತ್ತದೆ’ ಎಂದೇ ಮಾತು ಆರಂಭಿಸಿದರು. ಪುಟಕ್ಕೆ ಇಷ್ಟು, ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ದರ ಎಂದು ಬರೆದು ಕಳುಹಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಬಂದ ಹೆಸರಿನ ಪಟ್ಟಿಯಲ್ಲಿ ಉಪಸಮಿತಿಗಳು ಅರ್ಧಕ್ಕೆ ಇಳಿದಿದ್ದವು, ವಾಹನ ನಿಲುಗಡೆಯವರು ಸ್ವಯಂಸೇವಕರ ಜೊತೆ ಸೇರಿಹೋಗಿದ್ದರು. ಮುಂಬೈ ಸಮಿತಿ ಮಾತ್ರ ಪೂರ್ತಿ ಇತ್ತು, ಫೋಟೋ ಸಮೇತ.